ಅತ್ತಿಗೆ ಆರಿಸಿದ ಟೈರು

ನಾನು ನಾದಿನಿ. ನಾದಿನಿಯಾದವಳು ಅತ್ತಿಗೆಯ ಬಗ್ಗೆ ನಿಜ ಹೇಳಿದರೂ ಜನ ಅದಕ್ಕೆ ಚಾಡಿ ಎಂದೇ ಹೆಸರಿಡುತ್ತಾರೆ. ಇಡಲಿ. ನಮ್ಮ ಅತ್ತಿಗೆಯಷ್ಟು ಹೊಟ್ಟೆಕಿಚ್ಚಿನ ಹೆಂಗಸನ್ನು ನಾನು ಈವರೆಗೆ ಕಂಡಿಲ್ಲ. ಅವರಷ್ಟು ಒಳ್ಳೆಯ ಹೆಂಗಸನ್ನೂ ಕಂಡಿಲ್ಲ. ಎರಡನೆಯದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಇನ್ನು ಮೊದಲನೆಯದನ್ನು ಧೈರ್ಯವಾಗಿ ಹೇಳಬಹುದು.

ಅತ್ತಿಗೆಯ ಕಸುಬು ಗಾಡಿಗಳ ಸೀಟು ಹೊಲಿಯುವುದು. ಮನೆಯ ಮುಂದಿನ ತಗಡಿನ ಶೆಡ್ಡೇ ಅವರ ಅಂಗಡಿ. ಒಳಗೆ ಕಾಲಿಟ್ಟರೆ ರೆಕ್ಸಿನ್ ಮತ್ತು ಅಂಟಿನ ವಾಸನೆ. ಗೋಡೆಗೆ ಒರಗಿಸಿದ ಸ್ಪಂಜಿನ ಹಾಳೆಗಳು. ಮೂಲೆಯಲ್ಲಿ ಬಟ್ಟೆ ಕಳಚಿ ಕಬ್ಬಿಣದ ಮೂಳೆ ಮಾತ್ರ ಉಳಿದ ಸೀಟುಗಳು. ಅವರಪ್ಪ ಬಸ್ಸುಗಳಿಗೆ ಸೀಟು ಹೊಲಿಯುತ್ತಿದ್ದರು. ಗಂಡುಮಕ್ಕಳಿಗೆ ಆ ಕೆಲಸ ಹಿಡಿಸಲಿಲ್ಲ, ಮಗಳ ಕೈಗೆ ಅದು ತಾನಾಗಿ ಬಂತು. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು, ಬಾಯಲ್ಲಿ ಸೂಜಿ ಕಚ್ಚಿಕೊಂಡು ಅವರು ಕೆಲಸಕ್ಕೆ ಕೂತರೆ ಪಕ್ಕದಲ್ಲಿ ಮಾತಾಡಲು ನನಗೊಬ್ಬಳಿಗೇ ಅನುಮತಿ. ನಾನು ಹಿಂದಿನ ಬೀದಿಯಲ್ಲೇ ಇರುವುದು. ಪುರುಸೊತ್ತಾದಾಗ ಹೋಗಿ ರೆಕ್ಸಿನ್ ಕತ್ತರಿಸಿಕೊಡುತ್ತೇನೆ. ಕತ್ತರಿಸಿದ್ದು ಸೊಟ್ಟಗಾಗಿದೆ ಎಂದು ಬೈಸಿಕೊಳ್ಳುತ್ತೇನೆ.

ಅಣ್ಣ ಅವರನ್ನು ಕಂಡದ್ದೂ ಸೀಟಿನ ನೆಪದಲ್ಲೇ. ತನ್ನ ಹಳೆಯ ಜೀಪಿನ ಹರಿದ ಸೀಟನ್ನು ಅವರಪ್ಪನ ಅಂಗಡಿಗೆ ಹೊತ್ತುಕೊಂಡು ಹೋಗಿದ್ದ. ಅತ್ತಿಗೆ ಹೊಲಿದುಕೊಟ್ಟರು. ಕೆಲವೇ ದಿನಗಳಲ್ಲಿ ಮತ್ತೆ ಹೋಗಿ, “ಸೀಟು ತುಂಬಾ ಮೆತ್ತಗಾಗಿದೆ, ಓಡಿಸ್ತಾ ಓಡಿಸ್ತಾ ನಿದ್ದೆ ಬರುತ್ತೆ” ಎಂದು ದೂರಿದನಂತೆ. ಸರಿಮಾಡಿಕೊಟ್ಟ ಮೇಲೆ, “ಈಗ ಗಟ್ಟಿಯಾಯ್ತು” ಎಂದು ಮತ್ತೆ ಹಾಜರಾದನಂತೆ. ಆಮೇಲೂ ಬಂದಾಗ ಅವರಪ್ಪ, “ಸೀಟು ಸರಿಯಾಗೇ ಇದೆಯಪ್ಪಾ, ತೊಂದರೆ ಇರೋದು ನಿನಗೆ. ನಿಮ್ಮ ಮನೆಯಲ್ಲಿ ದೊಡ್ಡವರು ಯಾರಿದ್ದಾರೆ, ಕರ್ಕೊಂಡು ಬಾ” ಎಂದರಂತೆ.

ಹೀಗೆ ಸೇರಿದ ಜೋಡಿ. ಅವತ್ತಿನಿಂದ ಆ ಮನೆ ನಡೆಯುತ್ತಿರುವುದು ಒಂದೇ ಮಾತಿನ ಮೇಲೆ: “ಏನಂತೀಯ?” ಅಣ್ಣ ಅಂಗಿ ಕೊಂಡರೂ ಕೇಳಬೇಕು, ಛಾವಣಿಗೆ ತಗಡು ಹಾಕಿಸಿದರೂ ಕೇಳಬೇಕು, ಹಲ್ಲು ನೋವು ಬಂದರೆ ಯಾವ ಡಾಕ್ಟರ ಹತ್ತಿರ ಕೀಳಿಸಿಕೊಳ್ಳಲಿ ಎಂದೂ ಕೇಳಬೇಕು. ಅತ್ತಿಗೆ ಬಾಯಲ್ಲಿದ್ದ ಸೂಜಿ ತೆಗೆದು, ಒಂದು ಗಳಿಗೆ ಯೋಚಿಸಿ ಉತ್ತರ ಕೊಡುತ್ತಾರೆ. ಅಲ್ಲಿಗೆ ತೀರ್ಪಾಯಿತು. ಅಣ್ಣ ಹೆಂಡತಿಯ ಸೆರಗು ಹಿಡಿದು ಓಡಾಡುತ್ತಾನೆ ಎಂದು ನಾನೇ ಎಷ್ಟೋ ಸಲ ಆಡಿಕೊಂಡಿದ್ದೇನೆ. ಅವನಿಗೆ ಅದರಿಂದ ಕೂದಲೂ ಕೊಂಕಿಲ್ಲ.

ಹೊಟ್ಟೆಕಿಚ್ಚಿನ ವಿಷಯಕ್ಕೆ ಬರುತ್ತೇನೆ. ಪಕ್ಕದ ಮನೆಯ ಬೆಕ್ಕು ನನ್ನ ತೊಡೆಯ ಮೇಲೆ ಮಲಗಿದರೆ ಅತ್ತಿಗೆಗೆ ಉರಿ. ಹಾಲು ಹಾಕುವುದು ಅವರು, ಅದು ಮಲಗುವುದು ನನ್ನ ಹತ್ತಿರ. ಇನ್ನೊಬ್ಬ ದರ್ಜಿಯ ಹೊಲಿಗೆ ಮಷಿನ್ನಿಗೆ ಪುಟ್ಟ ದೀಪ ಇದೆ ಎಂದು ಉರಿ. ನನ್ನ ಕೂದಲು ಉದ್ದ ಎಂದು ಉರಿ. “ನಿನಗೇನಮ್ಮಾ, ಎಣ್ಣೆ ಹಚ್ಚಿಕೊಂಡು ಕೂರೋಕೆ ಬೇಕಾದಷ್ಟು ಹೊತ್ತಿದೆ” ಎನ್ನುತ್ತಾರೆ. ಆದರೆ ಇದೆಲ್ಲ ಒಲೆಯ ಮೇಲಿನ ಹಾಲು ಉಕ್ಕಿದ ಹಾಗೆ. ಭರ್ರೆಂದು ಮೇಲೇರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ನಾವು ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡವರಲ್ಲ.

ಟೈರಿನ ವಿಷಯದಲ್ಲಿ ಮಾತ್ರ ಅದು ಇಳಿಯಲಿಲ್ಲ.

ಅಣ್ಣನ ಹತ್ತಿರ ಈಗ ಇರುವುದು ನಾಲ್ಕೂ ಚಕ್ರಕ್ಕೆ ಬಲ ಹೋಗುವ ಫೋರ್ ವೀಲ್ ಗಾಡಿ. ಬೆಟ್ಟದ ಕಡೆ ಕೆಲಸ ಇರುವವರನ್ನು ಬಾಡಿಗೆಗೆ ಕರೆದುಕೊಂಡು ಹೋಗುತ್ತಾನೆ. ಆ ವರ್ಷ ಅವನಿಗೆ ಸಿಕ್ಕಿದ ಗಿರಾಕಿ ಬಂಡೆಗಳನ್ನು ಪರೀಕ್ಷೆ ಮಾಡುವ ಒಬ್ಬ ಮೇಡಂ. ಸುತ್ತಿಗೆಯಿಂದ ಕಲ್ಲು ಒಡೆದು, ಚೀಲಕ್ಕೆ ಹಾಕಿ, ಚೀಲಕ್ಕೆ ಚೀಟಿ ಕಟ್ಟಿ ತರುವುದೇ ಅವರ ಕೆಲಸ. ನಾವೆಲ್ಲ ಅವರನ್ನು ‘ಕಲ್ಲು ಮೇಡಂ’ ಎಂದು ಕರೆಯುತ್ತಿದ್ದೆವು. ಎತ್ತರದ ಹೆಂಗಸು, ಅರ್ಧ ನರೆತ ಕೂದಲು, ಬಿಸಿಲಿಗೆ ಸಿಪ್ಪೆ ಎದ್ದ ಮೂಗು. ಗಾಡಿಯ ಹಿಂದಿನ ಸೀಟಿನಲ್ಲಿ ತಮ್ಮ ಕಲ್ಲಿನ ಚೀಲಗಳ ನಡುವೆ ಕೂತುಕೊಳ್ಳುತ್ತಿದ್ದರು. ಅಲ್ಲಿಯವರೆಗೆ ಅತ್ತಿಗೆಗೆ ಅವರ ಮೇಲೆ ಏನೂ ಸಿಟ್ಟಿರಲಿಲ್ಲ. ಒಮ್ಮೆ ಅವರಿಗೆಂದು ಹಿಂದಿನ ಸೀಟಿಗೆ ಹೊಸ ಸ್ಪಂಜು ಹಾಕಿಕೊಟ್ಟದ್ದೂ ಉಂಟು.

ಅಷ್ಟರಲ್ಲಿ ಗಾಡಿಯ ಟೈರುಗಳು ಸವೆದು ಬೋಳಾದವು. ಒಂದು ಏರಿನಲ್ಲಿ ಜಲ್ಲಿಯ ಮೇಲೆ ಗಾಡಿ ಹಿಂದಕ್ಕೆ ಜಾರಿತಂತೆ. ಹೊಸ ಟೈರು ಹಾಕಿಸದೆ ಗತಿಯಿಲ್ಲ ಎಂದಾಯಿತು. ಅಣ್ಣನಿಗೆ ಟೈರಿನ ಹುಚ್ಚು ಹಿಡಿಯಿತು. ಊಟಕ್ಕೆ ಕೂತರೆ ಟೈರು, ಕೈ ತೊಳೆಯುವಾಗ ಟೈರು. ಅದಾದರೂ ಸಹಿಸಬಹುದಿತ್ತು. ಆದರೆ ಪ್ರತಿ ಮಾತಿನ ಬಾಲದಲ್ಲೂ ಮೇಡಂ ಇರುತ್ತಿದ್ದರು.

ಒಂದು ಸಂಜೆ ನಾನೂ ಅಲ್ಲೇ ಊಟಕ್ಕಿದ್ದೆ.

“ಬರೀ ರಸ್ತೆ ಟೈರು ಬೇಡ ಅಂತಾರೆ ಮೇಡಂ. ಜಲ್ಲಿ ಮೇಲೆ ಜಾರುತ್ತೆ,” ಎಂದ ಅಣ್ಣ.

“ಹೂಂ,” ಎಂದರು ಅತ್ತಿಗೆ.

“ಪೂರಾ ಕೆಸರಿನ ಟೈರೂ ಬೇಡವಂತೆ. ಅದರ ಮೈಮೇಲಿನ ರಬ್ಬರ್ ಬಟನ್ನು ದಪ್ಪ, ಡಾಂಬರಿಗೆ ಬಂದ್ರೆ ಒಂದೇ ಸಮ ಬೊಬ್ಬೆ ಹೊಡೆಯುತ್ತೆ. ನಮ್ಮ ದಾರಿ ಅರ್ಧ ಡಾಂಬರು, ಅರ್ಧ ಕಲ್ಲು ಮಣ್ಣು. ಅದಕ್ಕೆ ಆಲ್ ಟೆರೈನ್ ಟೈರೇ ಸರಿ, ಎರಡಕ್ಕೂ ಆಗುತ್ತೆ ಅಂತಾರೆ ಮೇಡಂ. ಪಕ್ಕೆ ಮಾತ್ರ ಗಟ್ಟಿ ಇರೋದು ನೋಡಿ ತಗೋಬೇಕಂತೆ. ಚೂಪು ಕಲ್ಲು ಕೊಯ್ಯೋದು ಪಕ್ಕೆಯನ್ನೇ ಅಂತೆ.”

“ಅವರಿಗೆ ಅಡುಗೆನೂ ಬರುತ್ತಂತಾ?”

ಅಣ್ಣ ತುತ್ತು ನುಂಗಿ ಪ್ರಾಮಾಣಿಕವಾಗಿ ಯೋಚಿಸಿದ. “ಕೇಳಿಲ್ಲ. ನಾಳೆ ಕೇಳ್ತೀನಿ.”

ನನಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು. ಅತ್ತಿಗೆ ನನ್ನ ಬೆನ್ನು ತಟ್ಟಿದ ರಭಸಕ್ಕೆ ನನ್ನ ಪ್ರಾಣವೇ ಹೋಗಬೇಕಿತ್ತು. ಏಟು ಬೀಳಬೇಕಾದ ಬೆನ್ನು ಬೇರೆಯದಿತ್ತು, ಸಿಕ್ಕಿದ್ದು ನನ್ನದು.

ಮರುದಿನ ಶೆಡ್ಡಿಗೆ ಹೋದಾಗ ಅವರು ಒಂದು ಸೀಟಿನ ಹಳೆಯ ಹೊಲಿಗೆಯನ್ನು ಬಿಚ್ಚುತ್ತಿದ್ದರು. ಬಿಚ್ಚುತ್ತಿದ್ದರು ಎನ್ನುವುದಕ್ಕಿಂತ ಹರಿಯುತ್ತಿದ್ದರು ಎನ್ನಬೇಕು.

“ಅತ್ತಿಗೆ, ಆ ಮೇಡಂಗೆ ನಮ್ಮಣ್ಣನ ಮೇಲೆ ಕಣ್ಣು ಬಿದ್ದಿದೆ ಅಂತ ನಿಮಗೆ ಅನುಮಾನಾನಾ?” ಎಂದು ಕೆಣಕಿದೆ.

“ಥೂ, ನಿಮ್ಮಣ್ಣನ ಮೇಲಾ? ಮೊದಲು ನಿಮ್ಮಣ್ಣನ ಮುಖ ಒಂದ್ಸಲ ನೋಡ್ಕೊಂಡು ಬಾ ಹೋಗು.” ದಾರ ಕಿತ್ತು ಬಿಸಾಡಿದರು. “ಅದಲ್ಲ ಕಣೇ. ಒಳ ಅಂಗಿಗೂ ನನ್ನನ್ನ ಕೇಳೋ ಮನುಷ್ಯ. ಟೈರು ಅಂದ್ರೇನು ಸಣ್ಣ ವಿಷಯಾನಾ? ಜೀವ ಅದರ ಮೇಲೆ ನಿಂತಿರುತ್ತೆ. ಅದಕ್ಕೆ ಮಾತ್ರ ನಾನು ಬೇಡ, ಆ ಕಲ್ಲು ಬೇಕು. ಒಂದ್ಸಲ, ಒಂದೇ ಒಂದ್ಸಲ ‘ಏನಂತೀಯ’ ಅಂದ್ರಾ ಕೇಳು. ಇಲ್ಲ. ನನಗೆ ಹೊಟ್ಟೆ ಉರಿಯುತ್ತೆ.”

“ಹಾಗಾದ್ರೆ ನೀವೇ ಬಾಯಿಬಿಟ್ಟು ಹೇಳಿ.”

“ನಾನ್ಯಾಕೆ ಹೇಳ್ಲಿ? ಕೇಳ್ರಿ ಅಂತ ಹೇಳಿ ಕೇಳಿಸ್ಕೊಂಡ್ರೆ ಅದರಲ್ಲಿ ಏನಿದೆ?”

ಕಣ್ಣಲ್ಲಿ ನೀರಿತ್ತು. ಅಂಟಿನ ಘಾಟಿಗೆ ಎಂದರು. ಅಂಟಿನ ಡಬ್ಬಿಯ ಮುಚ್ಚಳ ಮುಚ್ಚಿಯೇ ಇತ್ತು.

ಟೈರು ಅಂಗಡಿಯವರ ಫೋನು ಬಂದದ್ದು ಇನ್ನೊಂದು ದಿನ ಮಧ್ಯಾಹ್ನ. ಅಣ್ಣ ಬೆಟ್ಟದ ಮೇಲಿದ್ದ; ಅಲ್ಲಿ ಸಿಗ್ನಲ್ಲು ಸಿಗುವುದಿಲ್ಲ. ಅದಕ್ಕೆ ಅವರು ಅತ್ತಿಗೆಯ ನಂಬರಿಗೆ ಹಚ್ಚಿದ್ದರು. ಅತ್ತಿಗೆಯ ಎರಡೂ ಕೈಗೆ ಅಂಟು ಮೆತ್ತಿತ್ತು. ನಾನು ಫೋನು ಹಿಡಿದುಕೊಂಡೆ, ಮಾತೆಲ್ಲ ನನಗೂ ಕೇಳಿಸಿತು.

“ಅಮ್ಮಾ, ಯಜಮಾನರು ಹೇಳಿದ ಸೈಜಿನ ಟೈರು ಬಂದಿದೆ. ಎರಡು ಥರ ಇದೆ. ಒಂದು ಆಲ್ ಟೆರೈನು, ಇನ್ನೊಂದು ಕೆಸರಿಂದು. ಯಾವ ಸೆಟ್ಟು ತೆಗೆದಿಡ್ಲಿ?”

“ಮೇಡಂ ಹೇಳಿದ್ದಾರಂತಲ್ಲ, ಅದು ಯಾವುದು?”

“ಆಲ್ ಟೆರೈನು. ಯಜಮಾನರೂ ಅದನ್ನೇ ಅಂತಿದ್ರು, ಆದ್ರೆ ಮನೇಲಿ ಮಾತಾಡಿ ಹೇಳ್ತೀನಿ ಅಂದಿದ್ರು.”

“ಹಾಗಾದ್ರೆ ಇನ್ನೊಂದನ್ನ ಇಡಿ.”

“ಅಮ್ಮಾ, ಅದು ಡಾಂಬರಲ್ಲಿ ಸ್ವಲ್ಪ...”

“ಗೊತ್ತು. ಇನ್ನೊಂದನ್ನೇ ಇಡಿ.”

ಫೋನು ಇಟ್ಟ ಮೇಲೆ ನಾನು ಬಾಯಿ ತೆರೆದು ನಿಂತಿದ್ದೆ. “ಅತ್ತಿಗೆ, ಅದು ಬೊಬ್ಬೆ ಹೊಡೆಯುತ್ತಂತೆ!”

“ಹೊಡೀಲಿ. ಗಾಡಿ ಬೊಬ್ಬೆ ಹೊಡೆದ್ರೆ ಒಳಗಿರೋರ ಮಾತು ನಿಲ್ಲುತ್ತೆ. ಮಾತು ನಿಂತ್ರೆ ಸಲಹೆನೂ ನಿಲ್ಲುತ್ತೆ.” ಬಾಗಿದ ಸೂಜಿಗೆ ದಾರ ಪೋಣಿಸಿದರು. ಆವತ್ತು ಅವರ ಹೊಲಿಗೆ ಗೆರೆ ಹೊಡೆದ ಹಾಗೆ ಬಂತು. ನಾನು ಸೊಟ್ಟಗೆ ಕತ್ತರಿಸಿದ್ದಕ್ಕೂ ಬೈಯಲಿಲ್ಲ.

ಹೊಸ ಟೈರು ಹಾಕಿಸಿಕೊಂಡು ಅಣ್ಣ ಮನೆಗೆ ಬಂದ. ಬಂದ ಎನ್ನುವುದು ಇಡೀ ಬೀದಿಗೆ ಅವನು ತಿರುವಿನಲ್ಲಿರುವಾಗಲೇ ಗೊತ್ತಾಯಿತು. ಓಂ ಎಂದು ಒಂದೇ ರಾಗದಲ್ಲಿ ಕೂಗಿಕೊಂಡು ಗಾಡಿ ಬಂತು. ಎದುರುಮನೆಯವರು ನೀರಿನ ಪಂಪು ಕೆಟ್ಟಿತೇನೋ ಎಂದು ಹೊರಗೆ ಬಂದರು. ಪಕ್ಕದ ಮನೆಯ ಬೆಕ್ಕು ಗೋಡೆ ಹಾರಿ ಹೋದದ್ದು ಎರಡು ದಿನ ಈ ಕಡೆ ತಲೆ ಹಾಕಲಿಲ್ಲ. ಅಣ್ಣ ಇಳಿದು, ಟೈರನ್ನು ಒಮ್ಮೆ ಒದ್ದು ನೋಡಿದ.

“ಕಲ್ಲಲ್ಲಿ ಒಳ್ಳೆ ಹಿಡಿತ ಇದೆ,” ಎಂದಷ್ಟೇ ಹೇಳಿ ಕಾಲು ತೊಳೆಯಲು ಹೋದ. ಅದನ್ನು ಆರಿಸಿದ್ದು ಯಾರು, ಏಕೆ ಎಂದು ಒಂದು ಮಾತೂ ಎತ್ತಲಿಲ್ಲ. ಅಂಗಡಿಯವರು ಹೆಸರು ಹೇಳಿರಲಿಕ್ಕಿಲ್ಲ ಎಂದು ಅತ್ತಿಗೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಆಮೇಲಿನ ಕೆಲವು ದಿನ ಅತ್ತಿಗೆಗೆ ಸ್ವರ್ಗಕ್ಕೆ ಮೂರೇ ಗೇಣು. ಅಣ್ಣ ಊಟಕ್ಕೆ ಕೂತರೆ ‘ಮೇಡಂ ಹೇಳಿದ್ರು’ ಎನ್ನುವುದು ಪೂರ್ತಿ ನಿಂತುಹೋಗಿತ್ತು. ಪಾಪ, ಮೇಡಂ ಏನು ಹೇಳಿದರೂ ಅವನ ಕಿವಿಗೆ ಬಿದ್ದರೆ ತಾನೆ! ಅವನೂ ಸ್ವಲ್ಪ ಕಿವುಡನಂತೆ ಎಲ್ಲರ ಹತ್ತಿರವೂ ಜೋರಾಗಿ ಮಾತಾಡತೊಡಗಿದ್ದ. ಅತ್ತಿಗೆ ಅದನ್ನೂ ಪ್ರೀತಿಯಿಂದಲೇ ಸಹಿಸಿಕೊಂಡರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನನ್ನ ಮುಂದೆ ಬೀಗಿದರು. ಹೊಟ್ಟೆಕಿಚ್ಚಿನವರ ಸಂತೋಷ ನೋಡಲು ಎಷ್ಟು ಚೆನ್ನಾಗಿರುತ್ತದೆ ಎಂದರೆ, ಕೊಂಚ ನನಗೂ ಹೊಟ್ಟೆಕಿಚ್ಚಾಯಿತು.

ಆ ಭಾನುವಾರ ಅತ್ತಿಗೆಯ ಅಕ್ಕನ ಮನೆಗೆ ಹೊರಟೆವು. ಅಣ್ಣ ಓಡಿಸುವುದು, ಪಕ್ಕದ ಸೀಟಿನಲ್ಲಿ ಅತ್ತಿಗೆ, ಹಿಂದೆ ನಾನು. ಗಾಡಿಯ ಆ ಮುಂದಿನ ಸೀಟು ಅತ್ತಿಗೆಯದೇ. ಅವರು ಕುಳ್ಳಗಿರುವುದರಿಂದ ದಾರಿ ಕಾಣಲಿ ಎಂದು ತಾವೇ ದಪ್ಪ ಸ್ಪಂಜು ಕೂರಿಸಿ ಹೊಲಿದುಕೊಂಡದ್ದು. ಹತ್ತಿ ಕೂತರು. ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು. ಅವರ ಕಾಲು ಎದುರಿನ ಓರೆಯಾದ ನೆಲಕ್ಕೆ ತಾಗದೆ ಚಿಕ್ಕ ಮಕ್ಕಳ ಕಾಲಿನಂತೆ ತೂಗಾಡುತ್ತಿತ್ತು.

ಸೀಟಿನ ಕೆಲಸ ಮಾಡುವವರಿಗೆ ಬೇರೆ ಸಾಕ್ಷಿ ಬೇಕೆ? ಅಂಗೈಯಿಂದ ಸೀಟನ್ನು ಒತ್ತಿ ನೋಡಿದರು. ಒರಗುವ ಕಡೆ ಮುಟ್ಟಿ ನೋಡಿದರು. ಅಷ್ಟರಲ್ಲಿ ಗಾಡಿ ಡಾಂಬರಿಗೆ ಬಂದಿತ್ತು, ಟೈರುಗಳು ರಾಗ ತೆಗೆದಿದ್ದವು.

“ಇಲ್ಲಿ ಯಾರು ಕೂತಿದ್ರು?” ಎಂದು ಅತ್ತಿಗೆ ಕೂಗಿದರು.

“ಆಂ?”

“ಈ ಸೀಟಲ್ಲಿ! ಯಾರು ಕೂತಿದ್ರು!”

“ಓ, ಮೇಡಂ!” ಅಣ್ಣನೂ ಕೂಗಿದ. “ಹಿಂದೆ ಕೂತ್ರೆ ಅವರು ಹೇಳೋದು ಒಂದೂ ಕೇಳ್ಸಲ್ಲ! ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಿಸಬೇಕು ಹೇಳ್ಬೇಕಲ್ಲ! ಅದಕ್ಕೆ ಮುಂದೆ ಬಂದು ಕೂತ್ಕೊಳ್ತಾರೆ! ಈಗ ಕಿವಿ ಹತ್ರಾನೇ ಹೇಳ್ತಾರೆ, ಆರಾಮ!”

ಹಿಂದೆ ಕೂತ ನಾನು ಸೆರಗು ಬಾಯಿಗೆ ತುರುಕಿಕೊಂಡೆ. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಎಂದು ಹೇಳುವುದನ್ನು ಕೇಳಿದ್ದೆ, ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಆದರೆ ಪಕ್ಕದಿಂದ ಅತ್ತಿಗೆಯ ಮುಖ ಕಂಡಿತು. ನಗು ಅಲ್ಲೇ ನಿಂತಿತು.

“ಗಾಡಿ ನಿಲ್ಲಿಸ್ರಿ.”

ಈ ಮಾತು ಅವನಿಗೆ ಹೇಗೆ ಕೇಳಿಸಿತೋ ಗೊತ್ತಿಲ್ಲ, ಕೇಳಿಸಿತು. ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದ. ಅಷ್ಟು ಹೊತ್ತಿನ ಗದ್ದಲದ ಮೇಲೆ ಆ ಮೌನಕ್ಕೇ ಕಿವಿ ಗುಂಯ್‌ಗುಟ್ಟಿತು.

“ಅವರನ್ನ ಕೇಳಿದ್ರಿ. ನನ್ನನ್ನ ಯಾಕೆ ಕೇಳಲಿಲ್ಲ?”

“ಏನನ್ನ?”

“ಟೈರನ್ನ! ಯಾವುದು ಹಾಕಿಸ್ಲಿ ಅಂತ ಊರವರನ್ನೆಲ್ಲ ಕೇಳಿದ್ರಿ, ಮನೇಲಿರೋಳು ಮಾತ್ರ ಬೇಡವಾದೆ. ಈಗ ನನ್ನ ಸೀಟೂ ಅವರಿಗೇ ಆಯ್ತು. ನನಗೆ ಹೊಟ್ಟೆ ಉರಿಯುತ್ತೆ ರೀ, ಏನು ಮಾಡ್ಲಿ? ಸುಳ್ಳು ಹೇಳ್ಲಾ?”

ಅಣ್ಣ ತಲೆ ಕೆರೆದುಕೊಂಡ. “ಊರವರನ್ನೆಲ್ಲ ಕೇಳಿದ್ದು ಹೌದು. ಪೆಟ್ರೋಲ್ ಬಂಕಿನವನನ್ನ ಕೇಳಿದೆ, ನಿನ್ನ ಭಾವನ್ನ ಕೇಳಿದೆ, ಗಡ್ಡ ಹೆರೆಯೋವನನ್ನೂ ಕೇಳಿದೆ. ನಿನ್ನನ್ನ ಕೊನೆಗೆ ಕೇಳೋಣ ಅಂತಿದ್ದೆ ಕಣೇ. ನೀನು ಒಂದು ಹೇಳಿದ ಮೇಲೆ ಮತ್ತೆ ಬೇರೆಯವರನ್ನ ಕೇಳೋಕಾಗುತ್ತಾ? ಅಲ್ಲಿಗೆ ಮುಗೀತು. ಅದಕ್ಕೆ ಎಲ್ಲರದ್ದೂ ಕೇಳ್ಕೊಂಡು ನಿನ್ನ ಹತ್ರ ಬರೋಣ ಅಂತ. ಅಷ್ಟರಲ್ಲಿ ನೀನೇ ಅಂಗಡಿಗೆ ಹೇಳಿಬಿಟ್ಟಿದ್ದೆ.”

ಅತ್ತಿಗೆಯ ಮುಖ ಕೆಂಪಾಯಿತು. “ನಿಮಗೆ ಗೊತ್ತಿತ್ತಾ?”

“ಹಾಕೋಕೆ ಮುಂಚೆನೇ ಅಂಗಡಿಯವರು ಹೇಳಿದ್ರು. ಇದು ಕೂಗುತ್ತೆ ಸ್ವಾಮಿ, ಇನ್ನೊಂದು ಸಲ ಯೋಚನೆ ಮಾಡಿ ಅಂದ್ರು.”

“ಮತ್ತೆ ಯಾಕೆ ಹಾಕಿಸ್ಕೊಂಡ್ರಿ?”

“ನೀನು ಹೇಳಿದ್ದಲ್ವಾ,” ಎಂದ ಅಣ್ಣ.

ಬೇರೆ ಯಾವ ಹೆಂಗಸಾದರೂ ಆ ಮಾತಿಗೆ ಬೆಣ್ಣೆಯ ಹಾಗೆ ಕರಗುತ್ತಿದ್ದಳು. ಹಿಂದೆ ಕೂತ ನನ್ನ ಕಣ್ಣೇ ಮಂಜಾಯಿತು. ಕಿವಿ ತೂತಾಗುವಂಥ ಆ ಸದ್ದನ್ನು ಬೆಟ್ಟ ಹತ್ತಿ ಬೆಟ್ಟ ಇಳಿದು ಈ ಮನುಷ್ಯ ಬಾಯಿಮುಚ್ಚಿಕೊಂಡು ಅನುಭವಿಸಿದ್ದ. ಅತ್ತಿಗೆಯ ಕಣ್ಣಿಂದಲೂ ಒಂದು ಹನಿ ಉದುರಿತು. ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಆಮೇಲೆ ಹೇಳಿದರು:

“ಅಂದ್ರೆ, ಅವರನ್ನ ಮೊದಲು ಕೇಳಿದ್ರಿ ಅಂತಾಯ್ತು.”

ಅಣ್ಣ ಎರಡೂ ಕೈಯನ್ನು ಸ್ಟೇರಿಂಗಿನಿಂದ ಎತ್ತಿ ಮತ್ತೆ ಅಲ್ಲೇ ಇಟ್ಟ. “ಆಯ್ತು ಮಾರಾಯ್ತಿ. ಈಗ ಮೊದಲು ನಿನ್ನನ್ನೇ ಕೇಳ್ತೀನಿ, ಬೇರೆ ಯಾರನ್ನೂ ಕೇಳಿಲ್ಲ. ಇವು ಇನ್ನೂ ಹೊಸದಾಗೇ ಇವೆ, ವಾಪಸ್ ತಗೊಂಡು ಬೇರೆ ಕೊಡ್ತೀನಿ ಅಂದಿದ್ದಾರೆ ಅಂಗಡಿಯವರು. ಇವೇ ಇರಲಾ, ಬದಲಾಯಿಸ್ಲಾ? ಏನಂತೀಯ?”

ಇಷ್ಟು ದಿನ ಯಾವ ಮಾತಿಗೆ ಕಾದು ಕಾದು ಬೆಂದಿದ್ದರೋ ಆ ಮಾತು ಕೊನೆಗೂ ಬಂತು. ಬಂದ ಮೇಲೆ ಅದು ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಇವೇ ಇರಲಿ ಎಂದರೆ ಅತ್ತಿಗೆಯ ಮಾತು ಗೆಲ್ಲುತ್ತದೆ, ಮೇಡಂ ಮುಂದಿನ ಸೀಟಿನಲ್ಲೇ ಇರುತ್ತಾರೆ. ಬದಲಾಯಿಸಿ ಎಂದರೆ ಸೀಟು ವಾಪಸ್ಸು ಬರುತ್ತದೆ, ಗೆಲ್ಲುವುದು ಮೇಡಂ ಮಾತು. ಅತ್ತಿಗೆ ಕಿಟಕಿಯಾಚೆ ನೋಡುತ್ತ ಕೂತರು. ಒಂದು ಲಾರಿ ಹೋಯಿತು, ಅದರ ಹಿಂದೆ ಒಂದು ಬಸ್ಸು ಹೋಯಿತು.

“ಬದಲಾಯಿಸ್ರಿ,” ಎಂದರು.

“ಯಾವುದು ಹಾಕಿಸ್ಲಿ?”

“ಅದೇ. ಅವರು ಹೇಳಿದ್ದು.”

“ಯಾರು?”

“ನಿಮ್ಮ ಕಲ್ಲು ಮೇಡಂ!” ಅತ್ತಿಗೆಯ ದನಿ ಒಡೆಯಿತು. “ಅವರು ಹೇಳಿದ್ದೇ ಸರಿ, ಅದನ್ನೇ ಹಾಕಿಸ್ರಿ. ಹಾಕಿಸಿ, ಅವರನ್ನ ಹಿಂದೆ ಕೂರಿಸ್ರಿ.”

ಅಣ್ಣ ಆಗ ಅವರ ಕಾಲಿನ ಕಡೆ ನೋಡಿದ. ಚಪ್ಪಲಿ ಜಾರಿ ಕೆಳಗೆ ಬಿದ್ದಿತ್ತು, ಬರಿಗಾಲು ಗಾಳಿಯಲ್ಲಿ ತೂಗುತ್ತಿತ್ತು. ಅವನಿಗೆ ಎಲ್ಲ ಅರ್ಥವಾದದ್ದು ಆಗಲೇ ಇರಬೇಕು. ಬಗ್ಗಿ, ಸೀಟಿನ ಕೆಳಗಿನ ಹಿಡಿ ಎಳೆದು, ಅತ್ತಿಗೆ ಕೂತಿದ್ದ ಹಾಗೇ ಸೀಟನ್ನು ಮುಂದಕ್ಕೆ ಸರಿಸಿದ. ಅವರ ಕಾಲು ನೆಲಕ್ಕೆ ತಾಗುವವರೆಗೂ ಸರಿಸಿದ.